ಬಾಣೆ ಕೊಳ್ಳೋದು ಅಂದ್ರೆ ಏನನ್ನ ಕೊಳ್ಳೋದು?

ಕೊಡಗಿನ ಕಡೆಯವರಿಗೆ 'ಬಾಣೆ' ಅನ್ನೋ ಪದ ಹೊಸದಲ್ಲ. ಉಳಿದವರಿಗೆ ಹೇಳೋದಾದ್ರೆ, ಗದ್ದೆಯ ಮೇಲಿನ ಏರಿನಲ್ಲಿ ಇರೋ ಮರಗಾಡು. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು, ಮನೆ ರಿಪೇರಿಗೆ ಒಂದಿಷ್ಟು ಮರ, ಎಲ್ಲ ಅಲ್ಲಿಂದಲೇ. ಉತ್ತರ ಕನ್ನಡದ ಸೊಪ್ಪಿನಬೆಟ್ಟಕ್ಕೆ ಹತ್ತಿರದ ನೆಂಟ ಅನ್ನಬಹುದು. ಅಂಥದ್ದೊಂದು ಆರು ಎಕರೆ ಬಾಣೆ ದಕ್ಷಿಣ ಕೊಡಗಿನಲ್ಲಿ ಮಾರಾಟಕ್ಕಿದೆ. ನಾವು ನಾಲ್ಕು ಜನ ಗೆಳೆಯರು ಸೇರಿ ಕೊಳ್ಳೋಣವೇ ಬೇಡವೇ ಅಂತ ಮೂರು ತಿಂಗಳಿಂದ ಹಗ್ಗ ಜಗ್ಗಾಡ್ತಾ ಇದೀವಿ.

ಐಟಿಯವರಿಗೆ ಕಾಡು ಯಾಕೆ ಅಂತ ನಗಬೇಡಿ :-) ಇದಕ್ಕೊಂದು ಮಾದರಿ ಇದೆ. ಅನಿಲ್ ಮತ್ತು ಪಮೇಲಾ ಮಲ್ಹೋತ್ರ ದಂಪತಿ 1991ರಲ್ಲಿ ಬ್ರಹ್ಮಗಿರಿಯ ಬದಿಯಲ್ಲಿ 55 ಎಕರೆ ಪಾಳು ತೋಟ ಕೊಂಡು, ಏನೂ ಕಡಿಯದೆ ಬಿಟ್ಟು, ಸುತ್ತಲಿನದ್ದನ್ನೂ ಸೇರಿಸಿ ಸುಮಾರು 300 ಎಕರೆ ಮಾಡಿದ ಕಥೆ ನಿಮಗೂ ಗೊತ್ತಿರಬಹುದು. ಅದನ್ನ ಓದಿದ ಮೇಲೇ ನಮ್ಮ ಗುಂಪಿಗೆ ಈ ಹುಚ್ಚು ಹಿಡಿದದ್ದು. ಹಣ ಹೊಂದಿಸೋ ಕೆಲಸ ಅವರಿಗೆ ಬಿಟ್ಟೆ, ಕಾಗದಪತ್ರ ನೋಡೋ ಕೆಲಸ ನನ್ನ ಪಾಲಿಗೆ ಬಂತು. ನೋಡ್ತಾ ಹೋದ್ರೆ ಅದು ಇನ್ನೂರು ವರ್ಷದ ಇತಿಹಾಸ!

ಹಾಲೇರಿ ಅರಸರ ಕಾಲದಲ್ಲಿ ಕೊಡಗಿನ ಗದ್ದೆಗಳು ಮುಖ್ಯವಾಗಿ ಎರಡು ಬಗೆ, ಜಮ್ಮಾ ಮತ್ತು ಸಾಗು. ಜಮ್ಮಾ ಅಂದ್ರೆ ವಂಶಪಾರಂಪರ್ಯದ್ದು. ಹೆಚ್ಚಾಗಿ ಕೊಡವ ಒಕ್ಕಗಳಿಗೆ, ಜೊತೆಗೆ ಇನ್ನು ಕೆಲವು ಸಮುದಾಯಗಳಿಗೆ. ರಾಜ ಕರೆದಾಗ ಆಯುಧ ಹಿಡಿದು ಬರಬೇಕು, ಅದಕ್ಕೆ ಬದಲಾಗಿ ಕಂದಾಯ ಅರ್ಧ. ಮುಂದೆ ಬ್ರಿಟಿಷರ ದಾಖಲೆಗಳಲ್ಲಿ ಸಿಗೋ ಲೆಕ್ಕ ಇದು: ನೂರು ಭಟ್ಟಿ ಗದ್ದೆಗೆ ಸಾಗುವಾದರೆ 10 ರೂಪಾಯಿ, ಜಮ್ಮಾ ಆದರೆ 5. (ಭಟ್ಟಿ ಅನ್ನೋದು ಭತ್ತದ ಅಳತೆ. ಗದ್ದೆಯನ್ನ ಅಳೀತಿದ್ದದ್ದು ಅದು ಕೊಡೋ ಭತ್ತದಿಂದ. ಎಷ್ಟು ಚೆಂದದ ವಿಚಾರ ಅಲ್ವಾ?) ಆದರೆ ಜಮ್ಮಾ ಭೂಮಿಯನ್ನ ಸರ್ಕಾರದ ಒಪ್ಪಿಗೆ ಇಲ್ಲದೆ ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ.

ಇನ್ನು ಬಾಣೆ? ಅದಕ್ಕೆ ಕಂದಾಯವೇ ಇರಲಿಲ್ಲ. ಯಾಕಂದ್ರೆ ಅದು ಬೇರೆ ಆಸ್ತಿಯೇ ಅಲ್ಲ, ಗದ್ದೆ ನಡೆಯಲಿ ಅಂತ ಗದ್ದೆಯ ಜೊತೆ ಬಿಟ್ಟುಕೊಟ್ಟ ಕಾಡು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಾಣೆ ಅನ್ನೋದು ಸ್ವತಂತ್ರ ಟೇಬಲ್ ಅಲ್ಲ, ಗದ್ದೆ ಅನ್ನೋ ಟೇಬಲ್ಲಿನ ಒಂದು ಕಾಲಂ ಅಷ್ಟೇ. ಗದ್ದೆಯ ಸಾಲು ಅಳಿಸಿದ ಮೇಲೆ ಆ ಕಾಲಂ ಯಾತಕ್ಕೆ ಸೇರಿದ್ದು?

1834ರಲ್ಲಿ ಚಿಕ್ಕವೀರರಾಜನನ್ನ ಇಳಿಸಿ ಬ್ರಿಟಿಷರು ಕೊಡಗನ್ನ ತಗೊಂಡರು. ಈ ವ್ಯವಸ್ಥೆಯನ್ನ ಕೆಡವದೆ ಹಾಗೇ ಮುಂದುವರಿಸಿದರು, 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ನಿನಲ್ಲಿ ಅದಕ್ಕೆ ಕಾನೂನಿನ ರೂಪ ಬಂತು. ಅಷ್ಟರಲ್ಲಿ ಕಾಫಿ ಕಾಲಿಟ್ಟಾಗಿತ್ತು. ಫೌಲರ್ ಅನ್ನೋ ಯುರೋಪಿಯನ್ ಪ್ಲಾಂಟರ್ 1854ರಲ್ಲಿ ಮಡಿಕೇರಿಯಲ್ಲಿ ಮೊದಲ ಎಸ್ಟೇಟ್ ಶುರು ಮಾಡಿದ. ಕಾಫಿಗೆ ನೆರಳು ಬೇಕು, ನೆರಳು ಇದ್ದದ್ದು ಬಾಣೆಯಲ್ಲಿ. ಸೊಪ್ಪಿನ ಕಾಡು ಕ್ರಮೇಣ ತೋಟವಾಯ್ತು, ಮಾಲೀಕತ್ವ ಯಾರದ್ದು ಅನ್ನೋ ಜಗಳವೂ ಹುಟ್ಟಿಕೊಳ್ತು.

ನನಗೆ ಎಲ್ಲಕ್ಕಿಂತ ತಲೆ ಕೆಡಿಸಿದ್ದು ಮರದ ವಿಷಯ. ಕೊಡಗಿನ ದಾಖಲೆಗಳಲ್ಲಿ 'ರಿಡೀಮ್ಡ್', 'ಅನ್‌ರಿಡೀಮ್ಡ್' ಅಂತ ಎರಡು ಪದ ಬರುತ್ತೆ. ಮರದ ಬೆಲೆಯನ್ನ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದರೆ ರಿಡೀಮ್ಡ್. ಕಟ್ಟದಿದ್ದರೆ ನೆಲ ನಿಮ್ಮದು, ಮರ ಸರ್ಕಾರದ್ದು. ಇದರ ಪರಿಣಾಮ ಕೊಡಗಿನಲ್ಲಿ ಸುತ್ತಾಡಿದವರ ಕಣ್ಣಿಗೆ ಬಿದ್ದೇ ಇರುತ್ತೆ. ತಾನು ಕಾಯ್ದ ಬೀಟೆ ಮರದಿಂದ ತನಗೆ ಕಾಸು ಹುಟ್ಟೋದಿಲ್ಲ ಅಂದ್ರೆ ರೈತ ಅದರ ಸಸಿಯನ್ನ ಯಾಕೆ ಉಳಿಸ್ತಾನೆ? ಕಡಿಯೋಕೆ ಅನುಮತಿಯ ರಗಳೆ ಇಲ್ಲದ ಸಿಲ್ವರ್ ಓಕ್ ನೆಡ್ತಾನೆ. ಆಸ್ಟ್ರೇಲಿಯಾದ ಈ ಮರ ಸಾಲುಸಾಲಾಗಿ ಎದ್ದು ನಿಂತಿದ್ದರ ಹಿಂದೆ ಈ ಲೆಕ್ಕಾಚಾರದ ಪಾಲು ದೊಡ್ಡದು. ಮರ ಉಳಿಸೋಕೆ ಅಂತ ಮಾಡಿದ ನಿಯಮ ಕಾಡಿನ ಮರವನ್ನೇ ಓಡಿಸಿತು ಅಂತ ನನಗನ್ನಿಸುತ್ತೆ. ಶ್ರೀಗಂಧದ್ದೂ ಹಿಂದೆ ಇದೇ ಕಥೆ. ಸ್ವಂತ ಹೊಲದಲ್ಲಿ ಬೆಳೆದದ್ದೂ ಸರ್ಕಾರದ್ದು, 2001ರ ತಿದ್ದುಪಡಿ ಬರೋವರೆಗೆ.

ಸಹಿಯ ವಿಷಯ ಬೇರೆ. ಜಮ್ಮಾ ಭೂಮಿ ಒಕ್ಕದ ಪಟ್ಟೇದಾರನ ಹೆಸರಲ್ಲಿರುತ್ತೆ, ಹಕ್ಕು ಇಡೀ ಒಕ್ಕಕ್ಕೆ. ನಾವು ನೋಡಿದ ಬಾಣೆಯ ಪಹಣಿಯಲ್ಲಿರೋ ಪಟ್ಟೇದಾರ ತೀರಿಕೊಂಡು ಬಹಳ ವರ್ಷ ಆಗಿದೆ. ಹಕ್ಕುದಾರರು ಹದಿನೇಳು ಜನ, ಅದರಲ್ಲಿ ಇಬ್ಬರು ವಿದೇಶದಲ್ಲಿ. ದಶಕಗಳ ಕೋರ್ಟು ಜಗಳದ ನಂತರ 2011ರಲ್ಲಿ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತಂದು ಬಾಣೆಯ ಹಕ್ಕನ್ನ ಗಟ್ಟಿ ಮಾಡೋ ಪ್ರಯತ್ನ ಆಯ್ತು. ಆದ್ರೆ ಹದಿನೇಳು ಜನರನ್ನ ಒಂದೇ ದಿನ ಸಬ್‌ರಿಜಿಸ್ಟ್ರಾರ್ ಮುಂದೆ ನಿಲ್ಲಿಸೋ ಕಾಯ್ದೆ ಯಾವುದೂ ಇಲ್ಲ!

ಅಂದ ಹಾಗೆ, ನಮ್ಮಂಥವರು ಕೃಷಿ ಭೂಮಿ ಕೊಳ್ಳೋದೇ ಮೊದಲು ಸಾಧ್ಯವಿರಲಿಲ್ಲ. ರೈತನಲ್ಲದವನಿಗೆ, ಬೇರೆ ಆದಾಯ ಮಿತಿ ಮೀರಿದವನಿಗೆ ಅಡ್ಡ ನಿಂತಿದ್ದ 79ಎ, 79ಬಿ ಕಲಮುಗಳನ್ನ ಕರ್ನಾಟಕ 2020ರಲ್ಲಿ ತೆಗೆದುಹಾಕ್ತು. ಬ್ರೋಕರುಗಳ ಉತ್ಸಾಹ ಇಲ್ಲಿಂದ ಶುರು. ಅವರು ಬಾಯಿ ಬಿಡದ ವಿಷಯ ಅಂದ್ರೆ 1996ರ ಡಿಸೆಂಬರ್ 12ರ ಗೋದಾವರ್ಮನ್ ಆದೇಶ. ನಿಲಂಬೂರು ಕೋವಿಲಗಂ ಮನೆತನದ ಗೋದಾವರ್ಮನ್ ತಿರುಮಲ್ಪಾಡ್ ಗೂಡಲೂರಿನ ಕಾಡು ಕಡೀತಿದ್ದಾರೆ ಅಂತ ಸುಪ್ರೀಂ ಕೋರ್ಟಿಗೆ ಹೋದರು. ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ, ಮಾಲೀಕ ಯಾರೇ ಇರಲಿ, ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತೆ ಅಂದಿತು ಕೋರ್ಟು. 2023ರಲ್ಲಿ ಕಾಯ್ದೆಯನ್ನ ತಿದ್ದಿದಾಗಲೂ, 2024ರ ಫೆಬ್ರವರಿಯ ಮಧ್ಯಂತರ ಆದೇಶದಲ್ಲಿ ಸದ್ಯಕ್ಕೆ ಅದೇ ಅರ್ಥ ಹಿಡಿಯಿರಿ ಅಂತ ಹೇಳಿತು. ಕಾಡನ್ನ ಕಾಡಾಗೇ ಬಿಡೋರಿಗೆ ಇದು ತೊಂದರೆಯಲ್ಲ. ಒಳಗೆ ರಸ್ತೆ, ಕಾಟೇಜು ಅಂತ ಹೊರಟರೆ ಮಾತ್ರ ಕಷ್ಟ.

ಇಷ್ಟೆಲ್ಲ ಓದಿ ಮುಗಿಸಿದಾಗ ನನ್ನನ್ನ ಕಾಡಿದ್ದು ಕೆಳಗಿನ ಗದ್ದೆ. ಅದು ಈ ಮಾರಾಟದಲ್ಲಿ ಇಲ್ಲ. ಕೆಲವು ವರ್ಷಗಳಿಂದ ಪಾಳು ಬಿದ್ದಿದೆ, ಹೋಂಸ್ಟೇ ಮಾಡೋ ಬೇರೆ ಯಾರೋ ಕೇಳ್ತಿದ್ದಾರಂತೆ. ಅಂದ್ರೆ ಹಾಲೇರಿ ಅರಸರ ಕಾಲದಿಂದ ಒಟ್ಟಿಗೆ ಬಂದ ಗದ್ದೆ ಮತ್ತು ಬಾಣೆಯನ್ನ ಕತ್ತರಿಸೋ ಕೈ ನಮ್ಮದಾಗುತ್ತೆ. ಕಾಡು ಉಳಿಸ್ತೀವಿ ಅಂತ ಹೋಗಿ ಗದ್ದೆಯನ್ನ ಕಾಂಕ್ರೀಟಿಗೆ ಬಿಟ್ಟುಕೊಡೋದು ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ನನ್ನ ಓಟು ಹೀಗೆ: ಬಾಣೆ ಒಂದನ್ನೇ ಬೇಡ. ಹದಿನೇಳು ಸಹಿ ಆಗೋದಾದ್ರೆ, ಮರ ರಿಡೀಮ್ಡ್ ಅನ್ನೋ ಕಾಗದ ಸಿಗೋದಾದ್ರೆ, ಗದ್ದೆಯನ್ನೂ ಸೇರಿಸಿ ಕೊಡೋದಾದ್ರೆ ಎರಡೂ ಇರಲಿ, ಗದ್ದೆಯನ್ನ ಆ ಊರಿನವರೇ ಯಾರಾದರೂ ಮಾಡಲಿ. ಇಲ್ಲದಿದ್ದರೆ ಹಣ ಬ್ಯಾಂಕಿನಲ್ಲೇ ಇರಲಿ. ಇಬ್ಬರು ಒಪ್ಪಿದ್ದಾರೆ. ಮೂರನೆಯವನು ಇನ್ನೂ ಕಾಟೇಜಿನ ಚಿತ್ರ ಕಳಿಸ್ತಾ ಇದ್ದಾನೆ.