ವರಮಾನ ತೆರಿಗೆಯ ಮಧ್ಯಸ್ಥ

ವಕೀಲನಿಗೆ ಕಾದಂಬರಿಗಳಲ್ಲಿ ಸ್ಥಾನವುಂಟು, ವೈದ್ಯನಿಗೂ ಉಂಟು. ಇತರರ ಲೆಕ್ಕವನ್ನು ಹರವಿಕೊಂಡು ಅವರ ಪರವಾಗಿ ವರಮಾನ ತೆರಿಗೆಯ ರಿಟರ್ನು ಬರೆಯುವವನ ಕಡೆಗೆ ಯಾರ ಗಮನವೂ ಅಷ್ಟಾಗಿ ಹರಿದಿಲ್ಲ. ಅಧಿಕಾರಿಯ ಕಣ್ಣಿಗೆ ಅವನು ಕಕ್ಷಿಗಾರನ ಕಡೆಯವನು. ಕಕ್ಷಿಗಾರನ ಕಣ್ಣಿಗೆ ಸರ್ಕಾರದ ಕಡೆಯವನು. ಈ ಇಕ್ಕಟ್ಟು ನೆನ್ನೆ ಮೊನ್ನೆಯದಲ್ಲ.

1857ರ ದಂಗೆಯ ವೆಚ್ಚದಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ಈ ತೆರಿಗೆಯನ್ನು ಭಾರತಕ್ಕೆ ತಂದನು. ಜುಲೈ 24ರಂದು ಕಾಯಿದೆಯಾಯಿತು. ಆಗಸ್ಟ್ 11ರಂದು ವಿಲ್ಸನ್ ಕಲ್ಕತ್ತೆಯಲ್ಲಿ ತೀರಿಕೊಂಡನು. ಜಮೀನು, ಕಸುಬು ವ್ಯಾಪಾರ, ಸಾಲಪತ್ರ, ಸಂಬಳ ಎಂದು ವರಮಾನವನ್ನು ನಾಲ್ಕಾಗಿ ಹಂಚಿ ಲೆಕ್ಕ ಕೊಡಬೇಕಾಗಿತ್ತು. ಕಂದಾಯವೆಂದರೆ ಭೂಮಿಯ ಅಳತೆ ಎಂದು ತಿಳಿದಿದ್ದ ಜನಕ್ಕೆ, ಪೆಟ್ಟಿಗೆಯೊಳಗಿನ ಹಣವನ್ನು ಕಾಗದದ ಮೇಲೆ ತೋರಿಸು ಎಂಬ ಅಪ್ಪಣೆ ಹೊಸದು. 1865ರಲ್ಲಿ ಆ ತೆರಿಗೆ ನಿಂತಿತು. ಆಮೇಲೆ ಬೇರೆ ಬೇರೆ ರೂಪದಲ್ಲಿ ಬಂದು ಹೋಗಿ, 1886ರ ಕಾಯಿದೆಯಿಂದ ನೆಲೆಯೂರಿತು.

ಮಧ್ಯಸ್ಥನ ಕೆಲಸಕ್ಕೆ ಬೆಲೆ ಬಂದದ್ದು 1922ರ ಕಾಯಿದೆಯ ಕಾಲದಲ್ಲಿ. ಅದರ 61ನೆಯ ಕಲಮು ತೆರಿಗೆದಾರನ ಪರವಾಗಿ ಪ್ರತಿನಿಧಿ ಹಾಜರಾಗಬಹುದೆಂದು ಒಪ್ಪಿತ್ತು. ಕೊಟ್ಟ ವಿವರಗಳು ಗುಟ್ಟಾಗಿರಬೇಕೆಂದು 54ನೆಯ ಕಲಮು ವಿಧಿಸಿತ್ತು. ಆದರೆ ಕಾಯಿದೆಯ ಮಾತನ್ನು ನಂಬಿದವರೆಷ್ಟು ಮಂದಿ? ಅಧಿಕಾರಿಯಿಂದ ಮರೆಮಾಚಬೇಕೆಂದುಕೊಂಡದ್ದನ್ನು ಕಕ್ಷಿಗಾರ ಮೊದಲು ಮರೆಮಾಚುತ್ತಿದ್ದುದು ತನ್ನ ಲೆಕ್ಕಿಗನಿಂದಲೇ. ಲೆಕ್ಕದಿಂದ ಲಾಭ ಸರಿಯಾಗಿ ತಿಳಿಯದಿದ್ದರೆ ಅಧಿಕಾರಿ ತನಗೆ ತೋಚಿದಂತೆ ನಿರ್ಧರಿಸಬಹುದಾಗಿತ್ತು. ಆಗ ಬೈಗುಳ ಬೀಳುತ್ತಿದ್ದುದು ಯಾರ ಮೇಲೆಂದು ಬೇರೆ ಹೇಳಬೇಕಾಗಿಲ್ಲ.

ಕಕ್ಷಿಗಾರ ಪ್ರಾಮಾಣಿಕನಾದರೂ ತೊಡಕು ತಪ್ಪುತ್ತಿರಲಿಲ್ಲ. ಲೆಕ್ಕದ ವರ್ಷ ಎಲ್ಲರಿಗೂ ಒಂದೇ ಅಲ್ಲ. ಒಬ್ಬನ ಕಿರ್ದಿ ದೀಪಾವಳಿಗೆ ಮುಗಿದರೆ ಇನ್ನೊಬ್ಬನದು ಯುಗಾದಿಗೆ, ಮತ್ತೊಬ್ಬನದು ಮಾರ್ಚ್ 31ಕ್ಕೆ. ಒಬ್ಬನೇ ಮನುಷ್ಯನ ಅಂಗಡಿಗೆ ಒಂದು ವರ್ಷ, ಮನೆ ಬಾಡಿಗೆಗೆ ಬೇರೊಂದು ವರ್ಷ ಇರುವುದೂ ಸಾಧ್ಯವಿತ್ತು. 1989-90ರ ತೆರಿಗೆ ವರ್ಷದಿಂದಷ್ಟೇ ಎಲ್ಲರಿಗೂ ಒಂದೇ ಲೆಕ್ಕದ ವರ್ಷವಾಯಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ, ದೀಪಾವಳಿಯಿಂದ ದೀಪಾವಳಿಗೆ ಲೆಕ್ಕವಿಡುವ ವರ್ತಕನ ಪುಸ್ತಕದಲ್ಲಿ ಅರ್ಧ ವರ್ಷ ಆಣೆ ಪೈ, ಮಿಕ್ಕರ್ಧ ನಯಾಪೈಸೆ!

ಕನ್ನಡನಾಡಿನ ಲೆಕ್ಕಿಗನಿಗೆ ಇನ್ನೊಂದು ತೊಡಕೂ ಇತ್ತು. ನಾಡು ಹರಿದು ಹಂಚಿಹೋಗಿದ್ದಂತೆ ಕಾಯಿದೆಯೂ ಹಂಚಿಹೋಗಿತ್ತು. ಧಾರವಾಡ, ಬಳ್ಳಾರಿ, ಮಂಗಳೂರುಗಳಲ್ಲಿ 1922ರ ಭಾರತೀಯ ಕಾಯಿದೆ. ಮೈಸೂರು ಸಂಸ್ಥಾನದಲ್ಲಿ 1923ರ ಅದರದೇ ಕಾಯಿದೆ. ರಾಯಚೂರು, ಕಲಬುರ್ಗಿಗಳಿಗೆ ಫಸಲಿ 1357ರ ಹೈದರಾಬಾದು ಕಾಯಿದೆ. ಗಡಿಯ ಎರಡೂ ಕಡೆ ವ್ಯಾಪಾರವಿದ್ದವನಿಗೆ ಯಾವ ಲಾಭ ಎಲ್ಲಿ ಹುಟ್ಟಿತೆಂದು ವಿಂಗಡಿಸಬೇಕು. 1950ರ ಏಪ್ರಿಲ್‌ನಲ್ಲಿ ಈ ಗೋಡೆ ಬಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಬೇಸಾಯದ ವರಮಾನ ಕೇಂದ್ರದ ತೆರಿಗೆಗೆ ಹೊರತು. ರಾಜ್ಯ ಅದಕ್ಕೆ 1957ರಲ್ಲಿ ಬೇರೆಯೇ ಕಾಯಿದೆ ಮಾಡಿತು. ಕಾಫಿ ತೋಟವೂ ಪೇಟೆಯಲ್ಲಿ ಮನೆಯೂ ಇದ್ದವನ ಕಾಗದಗಳು ಎರಡು ಕಚೇರಿಗಳನ್ನು ಹತ್ತಿಳಿಯಬೇಕಾಯಿತು.

ಇವೆಲ್ಲಕ್ಕಿಂತ ಕಠಿಣವಾದದ್ದು ಅವಿಭಕ್ತ ಕುಟುಂಬದ ಲೆಕ್ಕ. ಅಣ್ಣತಮ್ಮಂದಿರು ಬೇರೆಯಾದೆವೆಂದು ಬಾಯಲ್ಲಿ ಹೇಳಿದರೆ ಸಾಲದು. ಆಸ್ತಿ ಗೊತ್ತಾದ ಭಾಗಗಳಾಗಿ ಹಂಚಿಕೆಯಾಯಿತೆಂದು 25ಎ ಕಲಮಿನ ಪ್ರಕಾರ ಅಧಿಕಾರಿಗೆ ಮನವರಿಕೆಯಾಗಬೇಕು. ಅಲ್ಲಿಯವರೆಗೆ, ಒಲೆ ಎರಡಾದರೂ ತೆರಿಗೆಗೆ ಮನೆ ಒಂದೇ. ಅಂಕಿ ಕೂಡಿಸಲು ಕುಳಿತವನು ಮನೆತನದ ಜಗಳವನ್ನೂ ಕೇಳಬೇಕಾಗುತ್ತಿತ್ತು.

1961ರ ಕಾಯಿದೆ ಬಂದ ಮೇಲೆ ಅಪಾಯ ಹೆಚ್ಚಿತು. ಸುಳ್ಳು ರಿಟರ್ನಿಗೆ ನೆರವಾದವನೂ ಶಿಕ್ಷಾರ್ಹನೆಂದು ಅದರ 278ನೆಯ ಕಲಮು ಹೇಳಿತು. ಇತ್ತ ತೆರಿಗೆಯ ದರವೂ ಏರಿ, 1973-74ರ ಹೊತ್ತಿಗೆ ಅತ್ಯುನ್ನತ ಹಂತದಲ್ಲಿ ನೂರಕ್ಕೆ 97.75 ಮುಟ್ಟಿತು. ಆ ಹಂತದಲ್ಲಿ ಗಳಿಸಿದ ನೂರು ರೂಪಾಯಿಯಲ್ಲಿ ಕೈಯಲ್ಲಿ ಉಳಿಯುವುದು ಎರಡೂಕಾಲು ರೂಪಾಯಿ! ಹೀಗಿರುವಾಗ ನಿಜ ಹೇಳು ಎಂದು ಕಕ್ಷಿಗಾರನಿಗೆ ಬುದ್ಧಿವಾದ ಹೇಳುವುದು ಸುಲಭದ ಮಾತೆ? ಅತಿಯಾದ ದರವೇ ಕಳ್ಳಲೆಕ್ಕಕ್ಕೆ ದೊಡ್ಡ ಕಾರಣವೆಂದು ವಾಂಛೂ ಸಮಿತಿ 1971ರಲ್ಲೇ ಎಚ್ಚರಿಸಿತ್ತು. ದರ ಇಳಿಯಿತು, ಆದರೆ ಮೇಲಿಂದ ಮೇಲೆ ತಿದ್ದುಪಡಿಗಳಾಗಿ ಕಾಯಿದೆ ಬೆಳೆಯುತ್ತಲೇ ಹೋಯಿತು.

2025ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆಯನ್ನು ಒಪ್ಪಿ, 819ರಷ್ಟಿದ್ದ ಕಲಮುಗಳನ್ನು 536ಕ್ಕೆ ಇಳಿಸಿತು. ಒಳ್ಳೆಯದೇ ಆಯಿತು. ಆದರೆ ಕಲಮುಗಳ ತೊಡಕು ಲೆಕ್ಕಿಗನ ಕಷ್ಟದಲ್ಲಿ ಒಂದು ಪಾಲು ಮಾತ್ರ. ಜನರು ಸರ್ಕಾರವನ್ನು ಎಷ್ಟು ನಂಬುತ್ತಾರೆ, ಸರ್ಕಾರ ಜನರನ್ನು ಎಷ್ಟು ನಂಬುತ್ತದೆ ಎಂಬುದರ ಭಾರವೂ ಅವನ ಮೇಜಿನ ಮೇಲೇ ಬೀಳುತ್ತದೆ. ನಮ್ಮ ರಿಟರ್ನು ಬರೆಯುವವನ ಮುಂದೆ ಎಲ್ಲ ಕಾಗದಗಳನ್ನೂ ಹೊತ್ತಿಗೆ ಸರಿಯಾಗಿ ಇಡುವುದು ಅವನಿಗೆ ನಾವು ಮಾಡುವ ಉಪಕಾರವಲ್ಲ, ಕೊಡಲೇಬೇಕಾದ ಮರ್ಯಾದೆ.