ಬೂ... ಬೀಪ್: ಶಾಲೆಯ ಅಟ್ಟದಲ್ಲಿರುವ ಹಳೇ ಕಂಪ್ಯೂಟರಿನ ಕಾಯಿಲೆಗಳು

ನಿಮ್ಮ ಕೈಲಿರುವ ಫೋನಿನ ಪ್ರೊಸೆಸರ್ ಬಹುಪಾಲು ಆರ್ಮ್ ವಿನ್ಯಾಸದ್ದು. ಅದರ ಮೊದಲ ಚಿಪ್ 1985ರಲ್ಲಿ ಬಂತು. ಅದನ್ನು ರೂಪಿಸಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅದಕ್ಕೂ ಮುಂಚೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಏಕಾರ್ನ್ ಕಂಪನಿಯಲ್ಲಿ ಇನ್ನೊಂದು ಯಂತ್ರ ಕಟ್ಟಿದ್ದರು. ಅದೇ ಬಿಬಿಸಿ ಮೈಕ್ರೋ. 1981ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಇದರ ಮೆಮೊರಿ 32 ಕೆಬಿ. ನಮ್ಮ ವಾಟ್ಸಾಪಿನ ಗುಡ್ ಮಾರ್ನಿಂಗ್ ಚಿತ್ರ ಕೂಡ ಅದರಲ್ಲಿ ಹಿಡಿಯುವುದು ಕಷ್ಟ.

1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಶುರು ಮಾಡಿದಾಗ ಆರಿಸಿಕೊಂಡದ್ದು ಈ ಯಂತ್ರವನ್ನೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನು ಯುನಿಕಾರ್ನ್ ಎಂಬ ಹೆಸರಲ್ಲಿ ತಯಾರಿಸಿತ್ತು. ಕ್ರೀಮ್ ಬಣ್ಣದ ಡಬ್ಬಿ, ಕೀಲಿಗಳ ಮೇಲ್ಸಾಲಿನಲ್ಲಿ ಕೆಂಪು ಗುಂಡಿಗಳು, ಚುಕ್ಕೆಗಳಲ್ಲಿ ಬಿಡಿಸಿದ ಗೂಬೆ: ಎಲ್ಲಾದರೂ ಕಂಡರೆ ಗುಜರಿಗೆ ಹಾಕುವ ಮುಂಚೆ ಸ್ವಲ್ಪ ನಿಲ್ಲಿ.

ಹಾಗಂತ ಕೂಡಲೇ ಸ್ವಿಚ್ ಹಾಕಬೇಡಿ. ಈ ಯಂತ್ರದ ಹೆಸರುವಾಸಿ ಕಾಯಿಲೆ ಹೊಗೆ. ಒಳಗಿನ ಪವರ್ ಸಪ್ಲೈನಲ್ಲಿ, ಕರೆಂಟ್ ಒಳಬರುವ ಜಾಗದಲ್ಲೇ, ರೀಫಾ ಕಂಪನಿಯ ಕಂಡೆನ್ಸರ್ ಕೂತಿರುತ್ತದೆ. ಪಂಪ್‌ಸೆಟ್ಟಿಗೂ ಫ್ಯಾನಿಗೂ ಹಾಕುತ್ತೇವಲ್ಲ, ಅದರ ಪುಟ್ಟ ತಮ್ಮ. ಒಳಗಿರುವುದು ಲೋಹ ಲೇಪಿಸಿದ ಕಾಗದ, ಹೊರಗೆ ಪಾರದರ್ಶಕ ಕವಚ. ವರ್ಷಗಳು ಕಳೆದಂತೆ ಕವಚ ಬಿರುಕು ಬಿಡುತ್ತದೆ, ತೇವ ಒಳಗೆ ಇಳಿಯುತ್ತದೆ. ನಮ್ಮ ಮಳೆಗಾಲದ ಅಟ್ಟದಲ್ಲಿ ಇಟ್ಟಿದ್ದರಂತೂ ಕೇಳುವುದೇ ಬೇಡ. ಆಮೇಲೆ ಒಂದು ದಿನ ಕರೆಂಟ್ ಕೊಟ್ಟರೆ ಅದು ಸುಟ್ಟು, ಕೋಣೆ ತುಂಬ ದಟ್ಟ ಹೊಗೆ, ನಾತ.

ಹೆದರಿದವರು ಯಂತ್ರವೇ ಸತ್ತಿತು ಅಂದುಕೊಳ್ಳುತ್ತಾರೆ. ಆದರೆ ಆ ಕಂಡೆನ್ಸರಿನ ಕೆಲಸ ವಿದ್ಯುತ್ತಿನ ಗದ್ದಲ ಸೋಸುವುದಷ್ಟೇ. ಎಷ್ಟೋ ಸಲ ಹೊಗೆಯ ನಡುವೆಯೇ ಕಂಪ್ಯೂಟರ್ ಓಡುತ್ತಿರುತ್ತದೆ! ಅದೇ ಅಳತೆಯ, ಎಕ್ಸ್2 ದರ್ಜೆಯ ಹೊಸ ಪ್ಲಾಸ್ಟಿಕ್ ಫಿಲ್ಮ್ ಕಂಡೆನ್ಸರ್ ಬೆಸುಗೆ ಹಾಕಿದರೆ ಮುಗಿಯಿತು, ದೊಡ್ಡ ಖರ್ಚಲ್ಲ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈ ಒಳಗೆ ಜೀವ ತೆಗೆಯುವ ವೋಲ್ಟೇಜ್ ಉಳಿದಿರಬಹುದು. ಈ ಕೆಲಸ ಬಲ್ಲ ಮೆಕ್ಯಾನಿಕ್ಕೇ ಮಾಡಲಿ.

ಮಿಕ್ಕ ಕಾಯಿಲೆಗಳಿಗೆ ಕಿವಿಯೇ ಸಾಕು, ನನಗೆ ಇಷ್ಟವಾಗುವುದೂ ಅದೇ. ಆರೋಗ್ಯವಾಗಿದ್ದರೆ ಆನ್ ಆದ ತಕ್ಷಣ 'ಬೂ' ಎಂಬ ದಪ್ಪ ದನಿ, ಹಿಂದೆಯೇ 'ಬೀಪ್' ಎಂಬ ಸಣ್ಣ ದನಿ. ಮೊದಲಿನದು ಯಾರೂ ಹೇಳಿಕೊಡದ ಸದ್ದು. ಕರೆಂಟ್ ತಾಗಿದ ಕೂಡಲೇ ಸೌಂಡ್ ಚಿಪ್ ತಾನಾಗಿ ಕೂಗುತ್ತದೆ, ಪ್ರೊಸೆಸರ್ ಎದ್ದು ಅದನ್ನು ಸುಮ್ಮನಾಗಿಸುತ್ತದೆ. ಹಾಗಾಗಿ 'ಬೂ' ನಿಲ್ಲದೇ ಇದ್ದರೆ ಪ್ರೊಸೆಸರ್ ಎದ್ದಿಲ್ಲವೆಂದೇ ಅರ್ಥ. ಸದ್ದೇ ಇಲ್ಲದಿದ್ದರೆ ಮೊದಲು ಪವರ್ ಸಪ್ಲೈ ನೋಡಬೇಕು.

ಇನ್ನೊಂದು ತಮಾಷೆಯ ದೋಷವಿದೆ. ಎರಡೂ ದನಿ ಸರಿಯಾಗಿ ಬಂದು, ಪರದೆಯ ಮೇಲೆ 'ಲ್ಯಾಂಗ್ವೇಜ್?' ಎಂಬ ಪ್ರಶ್ನೆ ನಿಂತುಬಿಡುತ್ತದೆ. ಬೇಸಿಕ್ ಭಾಷೆ ತುಂಬಿರುವ 28 ಕಾಲಿನ ಚಿಪ್ ಅದಕ್ಕೆ ಸಿಕ್ಕಿಲ್ಲ. ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಚಿಪ್ ಸಾಕೆಟ್ಟಿನಿಂದ ಕೂದಲೆಳೆಯಷ್ಟು ಮೇಲೆ ಬಂದಿರುತ್ತದೆ, ಇಲ್ಲವೇ ಕಾಲು ಕಪ್ಪಾಗಿರುತ್ತದೆ. ಪ್ಲಗ್ ಕಿತ್ತು, ಚಿಪ್ ಮೆಲ್ಲಗೆ ಎತ್ತಿ, ಕಾಲು ಒರೆಸಿ, ಹೆಬ್ಬೆರಳಲ್ಲಿ ಒತ್ತಿ ಕೂರಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಯಂತ್ರ ಮಾತಿಗೆ ಬರುತ್ತದೆ.