ಎರಡನೆಯ ಮನೆಗೆ ಬರುವ ಕಾರು

ಹಿಂದೆ ಉದ್ದನೆಯ ಡಿಕ್ಕಿಯಿಲ್ಲದೆ, ಹಿಂಬಾಗಿಲನ್ನೇ ಮೇಲಕ್ಕೆತ್ತಿ ಸಾಮಾನು ತುಂಬುವ ಪುಟ್ಟ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. ನಮ್ಮ ಊರುಗಳ ಹೆಂಗಸರು ಸ್ಟಿಯರಿಂಗ್ ಹಿಡಿದದ್ದು ಬಹುಮಟ್ಟಿಗೆ ಈ ಕಾರಿನಲ್ಲೇ. ಅದಕ್ಕೆ ಮೊದಲು ಕಾರೆಂದರೆ ಗಂಡಸರದು, ಇಲ್ಲವೆ ಡ್ರೈವರನದು. ನಾವು ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಣ್ಣಿನ ಬುಟ್ಟಿಯನ್ನು ಕಾಲಡಿ ಇಟ್ಟುಕೊಂಡು ಮದುವೆಮನೆಗೆ ಹೋಗುತ್ತಿದ್ದವರು. ಈಗ ಟೀಚರು, ನರ್ಸು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು ತನ್ನ ದುಡಿಮೆಯಲ್ಲೇ ಕಾರು ಕೊಳ್ಳಲು ಹೊರಡುತ್ತಾಳೆ. ಹೊಸದರ ಬೆಲೆ ಕೇಳಿ ಹಿಂದೆ ಸರಿದು ಹಳೆಯದನ್ನು ನೋಡುತ್ತಾಳೆ. ಆಗ ಎದುರಾಗುವ ಪ್ರಶ್ನೆ ಇದು: ಅದೇ ಹಣಕ್ಕೆ ನಾಲ್ಕೈದು ವರ್ಷದ ಸಾಧಾರಣ ಕಾರೋ, ಎಂಟು ಹತ್ತು ವರ್ಷದ 'ಪ್ರೀಮಿಯಂ' ಕಾರೋ? ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಯಾವುದನ್ನೂ ಇಸವಿಯಿಂದ ಶುರು ಮಾಡುವುದೇ ಅಭ್ಯಾಸ. ಆದ್ದರಿಂದ ಮೊದಲು ಈ 'ಪ್ರೀಮಿಯಂ' ಎಂಬ ಮಾತು ನಡೆದುಬಂದ ದಾರಿಯನ್ನು ನೋಡೋಣ.

1960-70ರ ದಶಕಗಳಲ್ಲಿ ನಮ್ಮ ದೇಶದಲ್ಲಿ ಸಿಗುತ್ತಿದ್ದ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕಲ್ಕತ್ತೆಯ ಬಳಿಯ ಉತ್ತರಪಾರಾದ ಅಂಬಾಸಿಡರ್, ಮುಂಬಯಿ ಕುರ್ಲಾದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಫಿಯೆಟ್ಟಿಗೆ ಮುಂದೆ ಪದ್ಮಿನಿ ಎಂಬ ಚೆಂದದ ಹೆಸರು ಬಂತು. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೆ ಸರ್ಕಾರದ ಲೈಸೆನ್ಸು, ಬೆಲೆಗೆ ಕಂಟ್ರೋಲು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕು. ಕಾಯಲಾರದವರು ಬರೆದ ಬೆಲೆಯ ಮೇಲೆ ಇನ್ನಷ್ಟು ಕೊಟ್ಟು ಬೇರೆಯವರ ಕಾರನ್ನು ಕೊಳ್ಳುತ್ತಿದ್ದರು. ಆ ಹೆಚ್ಚುವರಿ ಹಣಕ್ಕೇ ಆಗ ಪ್ರೀಮಿಯಂ ಎನ್ನುತ್ತಿದ್ದರು. ಒಮ್ಮೆ ಓಡಿದ ಕಾರು ಹೊಸದಕ್ಕಿಂತ ದುಬಾರಿ! ಇಂದಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಆ ಕಾಲದಲ್ಲಿ ಆರಿಸುವ ಪ್ರಶ್ನೆಯೇ ಇರಲಿಲ್ಲ, ಸಿಕ್ಕಿದ್ದೇ ಭಾಗ್ಯ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈಯನ್ನು ಗ್ರಾಹಕರೊಬ್ಬರಿಗೆ ಕೊಟ್ಟರು. ಜಪಾನಿನ ಸುಜುಕಿ ಕಂಪನಿಯ ಜೊತೆಗೂಡಿ ತಯಾರಿಸಿದ, 796 ಸಿ.ಸಿ.ಯ ಪುಟ್ಟ ಎಂಜಿನ್ನಿನ ಕಾರು. ಬೆಲೆ ಸುಮಾರು 50 ಸಾವಿರ ರೂಪಾಯಿ. ಪದ್ಮಿನಿಯಲ್ಲಿ ಸ್ಟಿಯರಿಂಗ್ ಪಕ್ಕದ ಗೇರನ್ನು ಎಳೆದಾಡಿ ರಟ್ಟೆ ನೋಯಿಸಿಕೊಂಡವರಿಗೆ ಇದು ಆಟಿಕೆಯಂತೆ ಕಂಡಿತು. ಹಗುರವಾದ ಸ್ಟಿಯರಿಂಗ್, ಕಾಲಿಗೆ ಸುಲಭವಾದ ಕ್ಲಚ್ಚು, ಎಲ್ಲಿ ಬೇಕಾದರೂ ತಿರುಗಿಸಬಹುದಾದ ಗಾತ್ರ. 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಮೂವತ್ತು ವರ್ಷ ಓಡಿ, ಹೋದ ಊರಲ್ಲೆಲ್ಲ ತನ್ನನ್ನು ಬಲ್ಲ ಮೆಕ್ಯಾನಿಕ್ಕನ್ನು ಸೃಷ್ಟಿಸಿತು. ಹಳೆಯ ಮಾರುತಿಗೆ ಎಂದೂ ಬೆಲೆ ಬಿದ್ದುಹೋಗದೆ ಇದ್ದದ್ದರ ಗುಟ್ಟು ಇದೇ.

1991ರ ಆರ್ಥಿಕ ಸುಧಾರಣೆಯ ಗಾಳಿ 1993ರಲ್ಲಿ ಕಾರಿನ ಕಾರ್ಖಾನೆಗಳಿಗೂ ಬೀಸಿ, ಲೈಸೆನ್ಸಿನ ಕಟ್ಟು ಸಡಿಲವಾಯಿತು. ಅದೇ ವರ್ಷ ಮಾರುತಿ ಝೆನ್ ಬಂತು. 800ಕ್ಕಿಂತ ನಯವಾದ ಈ ಕಾರು ಡಾಕ್ಟರು, ವಕೀಲರ ಮನೆ ಮುಂದೆ ನಿಂತು, ಹ್ಯಾಚ್‌ಬ್ಯಾಕುಗಳಲ್ಲೂ ಮೇಲುಕೀಳಿನ ಪಂಕ್ತಿ ಹಾಕಿತು. 1998ರಲ್ಲಿ ಒಂದೇ ಸಲಕ್ಕೆ ಮೂರು ಕಾರು ಬಂದವು: ಹ್ಯುಂಡೈ ಸ್ಯಾಂಟ್ರೊ, ಟಾಟಾ ಇಂಡಿಕಾ, ಡೇವೂ ಮ್ಯಾಟಿಜ್. ಮೂರರಲ್ಲಿ ಮುದ್ದಾದದ್ದು ಮ್ಯಾಟಿಜ್ ಎಂದೇ ಬಹಳ ಜನ ಹೇಳುತ್ತಿದ್ದರು. ಆದರೆ 2000ದಲ್ಲಿ ಕೊರಿಯಾದ ಡೇವೂ ಕಂಪನಿ ದಿವಾಳಿಯಾಯಿತು, ಕೆಲ ವರ್ಷಗಳಲ್ಲಿ ಇಲ್ಲಿನ ಕಾರ್ಖಾನೆಯೂ ನಿಂತಿತು. ಕಾರಿನಲ್ಲಿ ಯಾವ ದೋಷವೂ ಇಲ್ಲದೆ ಅದರ ಒಡೆಯರು ಬಿಡಿಭಾಗಕ್ಕಾಗಿ ಅಲೆಯುವಂತಾಯಿತು. ಸ್ಯಾಂಟ್ರೊ, ಇಂಡಿಕಾಗಳು ಮಾತ್ರ ಬಾಳಿದವು. ಹಳೆಯ ಕಾರು ಕೊಳ್ಳುವಾಗ ಕಾರಿನ ಜೊತೆಗೆ ಅದರ ತವರುಮನೆಯ ಸ್ಥಿತಿಯನ್ನೂ ವಿಚಾರಿಸಬೇಕೆಂಬ ಪಾಠವನ್ನು ಆ ಮುದ್ದು ಕಾರು ಕಲಿಸಿತು. ಆಮೇಲೆ 2017ರಲ್ಲಿ ಶೆವರ್ಲೆ ಕಾರುಗಳ ಮಾರಾಟ ನಿಂತಾಗ, 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ಬಿಡುತ್ತೇನೆಂದಾಗ ಈ ಪಾಠ ಮತ್ತೆ ನೆನಪಾಯಿತು.

ಮುಂದಿನ ತಿರುವು 2006ರ ಬಜೆಟ್ಟಿನದು. ನಾಲ್ಕು ಮೀಟರಿಗಿಂತ ಗಿಡ್ಡವಾದ, ಪೆಟ್ರೋಲಾದರೆ 1200 ಸಿ.ಸಿ., ಡೀಸೆಲ್ಲಾದರೆ 1500 ಸಿ.ಸಿ. ಮೀರದ ಕಾರುಗಳಿಗೆ ಎಕ್ಸೈಸ್ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ದೊಡ್ಡ ಕಾರಿನ ಸುಖವನ್ನೆಲ್ಲ ಚಿಕ್ಕ ಮೈಯೊಳಗೆ ತುಂಬಿದರೆ ಲಾಭವೆಂದು ಕಂಪನಿಗಳಿಗೆ ಹೊಳೆಯಿತು. 2005ರಲ್ಲೇ ಸ್ವಿಫ್ಟ್ ಬಂದಿತ್ತು. 2008ರಲ್ಲಿ ಸ್ಕೋಡಾ ಫೇಬಿಯಾ, ಹ್ಯುಂಡೈ ಐ20. 2009ರಲ್ಲಿ ಹೋಂಡಾ ಜಾಝ್. 2010ರಲ್ಲಿ ಫೋಕ್ಸ್‌ವ್ಯಾಗನ್ ಪೋಲೋ. 2015ರಲ್ಲಿ ಮಾರುತಿ ಬಲೆನೊ. 'ಪ್ರೀಮಿಯಂ ಹ್ಯಾಚ್‌ಬ್ಯಾಕ್' ಎಂಬ ಜಾತಿ ಹುಟ್ಟಿದ್ದು ಹೀಗೆ. ಒಂದು ಕಾಲಕ್ಕೆ ಕಂಟ್ರೋಲ್ ಬೆಲೆಯ ಮೇಲೆ ಕೊಡುತ್ತಿದ್ದ ಲಂಚದಂಥ ಹಣ, ಈಗ ಮೆತ್ತನೆಯ ಸೀಟು, ದಪ್ಪ ಬಾಗಿಲು, ದೊಡ್ಡ ಚಕ್ರ, ಹೆದ್ದಾರಿಯಲ್ಲಿ ಅಲುಗಾಡದ ನಡೆ ಆಗಿ ಮರಳಿ ಬಂತು.

ಇಲ್ಲಿಂದ ನಮ್ಮ ಪ್ರಶ್ನೆಗೆ ಬರೋಣ. ಪ್ರೀಮಿಯಂ ಕಾರಿನ ಬೆಲೆ ವರ್ಷಗಳುರುಳಿದಂತೆ ಬೇಗ ಇಳಿಯುತ್ತದೆ, ಆದ್ದರಿಂದಲೇ ನಮ್ಮ ಕೈಗೆಟುಕುತ್ತದೆ. ಆದರೆ ಅದರ ಬಿಡಿಭಾಗದ ಬೆಲೆ ಹಾಗೆ ಇಳಿಯುವುದಿಲ್ಲ. ಕಾರು ಅರ್ಧ ಬೆಲೆಗೆ ಸಿಕ್ಕಿತೆಂದು ಟೈರು, ಹೆಡ್‌ಲೈಟು, ಕ್ಲಚ್ ಪ್ಲೇಟು ಅರ್ಧ ಬೆಲೆಗೆ ಸಿಗುವುದಿಲ್ಲವಲ್ಲ! ಆನೆ ಕೊಳ್ಳುವುದು ಸುಲಭ, ಸಾಕುವುದು ಕಷ್ಟ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ನಮ್ಮ ಶಾಲೆಯ ಕಿರಿಯ ಸಹೋದ್ಯೋಗಿಯೊಬ್ಬಳು ಹೀಗೆಯೇ ಎರಡು ಕಾರು ನೋಡಿ ಬಂದಳು. ಒಂದು ಐದು ವರ್ಷದ ಸಾಧಾರಣ ಪೆಟ್ರೋಲ್ ಕಾರು, ಇನ್ನೊಂದು ಒಂಬತ್ತು ವರ್ಷದ ಡೀಸೆಲ್ ಪ್ರೀಮಿಯಂ. ಬೆಲೆ ಹೆಚ್ಚುಕಡಿಮೆ ಒಂದೇ. "ಅಕ್ಕಾ, ಎರಡನೇದರ ಬಾಗಿಲು ಹಾಕಿದರೆ ಆ ಸದ್ದೇ ಬೇರೆ" ಎಂದಳು. ನಾನು ದಿನಕ್ಕೆ ಎಷ್ಟು ದೂರ ಓಡಿಸುತ್ತೀಯೆಂದು ಕೇಳಿದೆ. ಹೋಗಿಬರುವುದು ಹದಿನಾರು ಕಿಲೋಮೀಟರ್. ಕೆಟ್ಟರೆ ಕಂಪನಿಯ ಸರ್ವೀಸ್ ಸೆಂಟರ್ ಎಲ್ಲಿದೆ ಎಂದೆ. ಜಿಲ್ಲಾ ಕೇಂದ್ರದಲ್ಲಿ, ಎಪ್ಪತ್ತು ಕಿಲೋಮೀಟರ್ ಆಚೆ. ಅವಳಿಗೇ ನಗು ಬಂತು. ದಿನಕ್ಕೆ ಹದಿನಾರು ಕಿಲೋಮೀಟರ್ ಓಡಿಸುವವಳಿಗೆ ಡೀಸೆಲ್ಲಿನ ಉಳಿತಾಯ ಎಷ್ಟು ದಕ್ಕೀತು? ಹಳೆಯ ಡೀಸೆಲ್ಲಿನ ಇಂಜೆಕ್ಟರ್, ಟರ್ಬೊ ಒಮ್ಮೆ ಕೈಕೊಟ್ಟರೆ ತಿಂಗಳ ಸಂಬಳ ಹೋಗುತ್ತದೆ. ಅವಳು ಮೊದಲನೆಯದನ್ನೇ ಕೊಂಡಳು.

ಹಾಗೆಂದು ಪ್ರೀಮಿಯಂ ಕಾರು ಬರೀ ಶೋಕಿ ಎನ್ನಲಾರೆ. ವಾರವಾರವೂ ಹೆದ್ದಾರಿಯಲ್ಲಿ ದೂರ ಹೋಗುವವರಿಗೆ, ಮನೆಯಲ್ಲಿ ಮಂಡಿನೋವಿನ ಅತ್ತೆ ಮಾವಂದಿರು ಇರುವವರಿಗೆ, ಅಗಲವಾದ ಸೀಟಿನ, ಸ್ಥಿರವಾದ ನಡೆಯ ಕಾರು ನಿಜವಾದ ಸಹಾಯ. ಅಂಥವರು ಸರ್ವೀಸಿನ ದಾಖಲೆ ಪೂರ್ತಿಯಾಗಿರುವ, ಪೆಟ್ರೋಲಿನ, ಕೈಗೇರಿನ ಕಾರನ್ನೇ ನೋಡಲಿ. ಕೊಂಡಮೇಲೂ ಸ್ವಲ್ಪ ಹಣ ರಿಪೇರಿಗೆಂದು ಎತ್ತಿಡಲಿ. ನಡುದಾರಿಯೂ ಉಂಟು. ಬಲೆನೊ ಪ್ರೀಮಿಯಂ ಪಂಕ್ತಿಯದಾದರೂ ಊರಿನ ಮಾರುತಿ ಮೆಕ್ಯಾನಿಕ್ಕಿಗೆ ಅಪರಿಚಿತವಲ್ಲ. 2019ರಿಂದ ಟೊಯೋಟಾ ಮಾರುತ್ತಿರುವ ಗ್ಲಾಂಜಾ ಕೂಡ ಬೇರೆ ಹೆಸರು ತೊಟ್ಟ ಅದೇ ಕಾರು.

ಹೆಸರಿಗೆ ಮರುಳಾಗಬಾರದೆಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಚಿಕ್ಕ ಕಾರುಗಳನ್ನು ಗುದ್ದಿಸಿ ಪರೀಕ್ಷಿಸಿತು. ಆಲ್ಟೊ 800, ನ್ಯಾನೊ, ಐ10, ಫಿಗೊಗಳ ಜೊತೆಗೆ ಜರ್ಮನ್ ಹೆಸರಿನ ಪೋಲೋ ಕೂಡ ಸೊನ್ನೆ ನಕ್ಷತ್ರ ಪಡೆಯಿತು. ಅವು ಯಾವುದರಲ್ಲೂ ಏರ್‌ಬ್ಯಾಗ್ ಇರಲಿಲ್ಲ. ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ ನಾಲ್ಕು ನಕ್ಷತ್ರ ಬಂತು. ಹೊಸ ಕಾರುಗಳಿಗೆ ಚಾಲಕರ ಏರ್‌ಬ್ಯಾಗೂ ಎಬಿಎಸ್ ಬ್ರೇಕೂ 2019ರಲ್ಲಿ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ 2022ರ ಹೊತ್ತಿಗೆ ಕಡ್ಡಾಯವಾದವು. ಆದ್ದರಿಂದ ಹಳೆಯ ಪ್ರೀಮಿಯಂ ಕಾರಿಗಿಂತ ಹೊಸ ಸಾಧಾರಣ ಕಾರಿನಲ್ಲಿ ರಕ್ಷಣೆಯ ಸಾಮಗ್ರಿ ಹೆಚ್ಚಿರಬಹುದು. ಯಾವ ವರ್ಷದ, ಯಾವ ಮಾಡೆಲ್ ಎಂದು ಕೇಳಿ ನೋಡಬೇಕು.

ಸೀರೆ ಕೊಳ್ಳುವಾಗ ಒಳಮೈ ತಿರುಗಿಸಿ ಜರಿ ನೋಡುವ ನಮಗೆ ಹಳೆಯ ಕಾರು ನೋಡುವ ಕಣ್ಣು ಇಲ್ಲವೆ? ಮೀಟರು ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ಪೂರ್ತಿ ಸವೆದಿದ್ದರೆ ಅನುಮಾನಿಸಿ. ಎಂಜಿನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನಿಮ್ಮದೇ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯಿರಿ, ಮಾರುವವರು ಗೊತ್ತುಮಾಡಿದವನನ್ನಲ್ಲ. ಕಾರಿನ ಮೇಲೆ ಬ್ಯಾಂಕಿನ ಸಾಲ ಇತ್ತೇ, ತೀರಿದೆಯೇ ಎಂದು ಆರ್.ಸಿ.ಯಲ್ಲಿ ನೋಡಿ. 29 ಮತ್ತು 30ನೇ ನಮೂನೆಗಳಿಗೆ ಸಹಿಯಾಗಿ ಆರ್.ಟಿ.ಒ. ಕಛೇರಿಯಲ್ಲಿ ಹೆಸರು ಬದಲಾಗುವವರೆಗೆ ವ್ಯವಹಾರ ಮುಗಿಯಿತೆಂದು ತಿಳಿಯಬೇಡಿ. ಮಾರುವವರಿಗೂ ಈ ಮಾತು ಅನ್ವಯ. ಕಾರು ಯಾರ ಕೈಯಲ್ಲೇ ಇರಲಿ, ಅಪಘಾತವಾದರೆ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಮತ್ತೊಂದು ಮಾತು. ದುಡ್ಡು ನಿಮ್ಮದಾದರೆ ಆರ್.ಸಿ.ಯಲ್ಲಿ ಹೆಸರೂ ನಿಮ್ಮದೇ ಇರಲಿ. ಸಾಲದ ಕಂತು ಹೆಂಡತಿಯ ಸಂಬಳದಿಂದ ಕಡಿತವಾಗುತ್ತಾ ಕಾರು ಮಾತ್ರ 'ಮನೆಯವರ ಕಾರು' ಆಗಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪಂಕ್ತಿಯ ಮೇಲುಕೀಳು ಹೇಗೂ ನಿಲ್ಲುವುದಿಲ್ಲ. ಡಾಕ್ಟರ ಮನೆ ಮುಂದೆ ಮಿಂಚುತ್ತಿದ್ದ ಝೆನ್ ಹತ್ತೇ ವರ್ಷದಲ್ಲಿ ಡ್ರೈವಿಂಗ್ ಕಲಿಯುವವರ ಕಾರಾಯಿತು. ಮೊದಲು ಬೆರಗು ಹುಟ್ಟಿಸಿದ ಸ್ವಿಫ್ಟ್ ಈಗ ಬೀದಿಗೆ ನಾಲ್ಕು. ಇಂದಿನ ಪ್ರೀಮಿಯಂಗೂ ಅದೇ ಗತಿ. ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಬಾರಿಸುವ ಮೊದಲು ಶಾಲೆಯ ಅಂಗಳ ಮುಟ್ಟಿಸುವ, ಕೆಟ್ಟರೆ ಊರಿನಲ್ಲೇ ಸರಿಹೋಗುವ, ನಮ್ಮದೇ ಹೆಸರಿನ ಕಾರು ಇದ್ದರೆ ಅದು ಯಾವ ಪಂಕ್ತಿಯದೆಂದು ಯಾರು ಕೇಳುತ್ತಾರೆ?